ಸಹಾಯ ಬೇಕು: ಇಂಗ್ಲಿಷ್ ಪಾಠಕ್ಕೆ ಫೋನಿನಲ್ಲೇ ಮೈಂಡ್ ಮ್ಯಾಪ್

ಎಲ್ಲರಿಗೂ ನಮಸ್ಕಾರ. ನಾನು ಮುಳಬಾಗಿಲು ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ. ಇಲ್ಲಿ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಇಂಗ್ಲಿಷ್ ಮೂರನೆಯದು. ಪದಗಳ ಪಟ್ಟಿ ಬಾಯಿಪಾಠ ಮಾಡುತ್ತಾರೆ, ಮಾರನೇ ದಿನಕ್ಕೆ ಮರೆತಿರುತ್ತಾರೆ.

ಹೋದ ತಿಂಗಳು ಬೋರ್ಡಿನ ನಡುವೆ 'ಟೊಮ್ಯಾಟೊ' ಅಂತ ಬರೆದು ಸುತ್ತ ಕೊಂಬೆಯಂತೆ ಗೆರೆ ಎಳೆದು ಅದಕ್ಕೆ ಸಂಬಂಧಿಸಿದ ಪದಗಳನ್ನು ಬರೆದೆ, ಅದೇ ಮೈಂಡ್ ಮ್ಯಾಪ್. ಒಂದು ಕೊಂಬೆಗೆ ಹೊಲದ ಕೆಲಸ: ಪ್ಲಾಂಟ್, ವಾಟರ್, ಪಿಕ್. ಇನ್ನೊಂದಕ್ಕೆ ಮಂಡಿ: ಕ್ರೇಟ್, ಆಕ್ಷನ್ (ಹರಾಜು), ಪ್ರೈಸ್. ಕೋಲಾರದ ಮಕ್ಕಳಲ್ವಾ, ಮಂಡಿಯ ಕೊಂಬೆಯೇ ಎಲ್ಲಕ್ಕಿಂತ ಉದ್ದ ಬೆಳೆಯಿತು! ಯಾವಾಗಲೂ ಸುಮ್ನೆ ಕೂರುವ ಹಿಂದಿನ ಬೆಂಚಿನ ಹುಡುಗ ಆ ಪದಗಳನ್ನೇ ಹಿಡಿದು ನಾಲ್ಕು ವಾಕ್ಯ ಹೇಳಿದ. ಆದರೆ ಮುಂದಿನ ಪೀರಿಯಡ್‌ಗೆ ಬೋರ್ಡ್ ಒರೆಸಲೇಬೇಕು.

ಅದಕ್ಕೇ ಡಿಜಿಟಲ್ ಯೋಚನೆ. ಮ್ಯಾಪ್ ಉಳಿಯುತ್ತದೆ, ವಾರವಾರ ಕೊಂಬೆ ಸೇರಿಸಬಹುದು, ಚಿತ್ರವನ್ನೂ ಹಾಕಬಹುದು. ಶಾಲೆಯ ಹಳೇ ಕಂಪ್ಯೂಟರಿಗೆ ಫ್ರೀಪ್ಲೇನ್ ಅನ್ನುವ ಮೈಂಡ್ ಮ್ಯಾಪ್ ಸಾಫ್ಟ್‌ವೇರ್ ಹಾಕಿದ್ದೇನೆ. ಪುಕ್ಕಟೆ, ನೆಟ್ ಇಲ್ಲದೆಯೂ ನಡೆಯುತ್ತದೆ. ಆದರೆ 40 ಮಕ್ಕಳಿಗೆ ಕಂಪ್ಯೂಟರ್ ಇರುವುದು 2.

ಅಪ್ಪ ಅಮ್ಮನ ಸಾದಾ ಆಂಡ್ರಾಯ್ಡ್ ಫೋನಿನಲ್ಲಿ, ನೆಟ್ ಇಲ್ಲದೆ ನಡೆಯುವ ಆ್ಯಪ್ ಯಾವುದಾದರೂ ಬಳಸಿದ್ದೀರಾ? ಕನ್ನಡ ಅರ್ಥವೂ ಪಕ್ಕದಲ್ಲೇ ಬೇಕು, ಒತ್ತಕ್ಷರ ಒಡೆಯಬಾರದು. ಇನ್ನೊಂದು ತಲೆನೋವು: ವಸ್ತುಗಳ ಹೆಸರೇನೋ ಸುಲಭ. 'ಗೆಟ್ ಅಪ್', 'ಗೆಟ್ ಆಫ್', 'ಗೆಟ್ ಓವರ್' ಇಂಥವನ್ನು ಮ್ಯಾಪಿನಲ್ಲಿ ಹೇಗೆ ಕೂರಿಸುತ್ತೀರಿ? ಕ್ಲಾಸಿನಲ್ಲಿ ಮಾಡಿ ನೋಡಿದವರು ದಯವಿಟ್ಟು ಹೇಳಿ. ನಿಮ್ಮ ಮ್ಯಾಪಿನ ಫೋಟೋ ಇದ್ದರೆ ಹಾಕಿ, ಕೈಯಲ್ಲಿ ಬರೆದದ್ದಾದರೂ ಸರಿ.