ಸುಟ್ಟ ಗುಡ್ಡಕ್ಕೆ ಈಗಲೇ ಬೀಜ ಚೆಲ್ಲಬೇಕಾ?

ಗುಡ್ಡದಂಚು:
ಕಡಿದಾದ ಗುಡ್ಡದ ಕಾಡು ಸುಟ್ಟಿದೆ, ಬೆಂಕಿ ಪೂರ್ತಿ ಆರಿದೆ. ಕೆಳಗೆ ಹಳ್ಳ, ಅದರ ದಡದಲ್ಲಿ ಮನೆಗಳು. ಮಳೆಗೆ ಇನ್ನು ಮೂರು ವಾರ. ಸ್ವಯಂಸೇವಕರು ಹಾಕಿಕೊಂಡ ಕ್ರಮ ಹೀಗಿದೆ: ಹುಲ್ಲಿನ ಬೀಜ ಚೆಲ್ಲುವುದು, ಸುಟ್ಟ ಮರ ಕಡಿದು ಸಾಗಿಸುವುದು, ಪ್ರಾಣಿಗಳಿಗೆ ನೀರಿಡುವುದು. ಇದು ಸರಿಯೇ? ಇಪ್ಪತ್ತು ಜನ ಇದ್ದಾರೆ, ಒಣಹುಲ್ಲು ಬೇಕಾದಷ್ಟು ಸಿಗುತ್ತದೆ.

ಮಣ್ಣುಹುಳು:
ಬೀಜದ ಚೀಲ ಸದ್ಯಕ್ಕೆ ಪಕ್ಕಕ್ಕಿಡಿ. ಮಣ್ಣು ನೀರು ಕುಡಿಯುತ್ತದೋ ಇಲ್ಲವೋ ಅದನ್ನು ಮೊದಲು ನೋಡಿ. ತರಗೆಲೆ ಉರಿಯುವಾಗ ಅದರಲ್ಲಿರುವ ಮೇಣದಂಥ ಅಂಶ ಆವಿಯಾಗಿ ಕೆಳಗಿಳಿದು, ತಣ್ಣಗಿರುವ ಮಣ್ಣಿನ ಕಣಗಳಿಗೆ ಅಂಟಿಕೊಳ್ಳುತ್ತದೆ. ಮೇಲೆ ಮೆತ್ತನೆಯ ಬೂದಿ, ಅದರಡಿ ಕೆಸುವಿನೆಲೆಯ ಹಾಗೆ ನೀರು ಜಾರಿಸುವ ಪದರ.

ಪರೀಕ್ಷೆ ಸುಲಭ. ಬೂದಿ ಸರಿಸಿ ಮಣ್ಣಿನ ಮೇಲೆ ಒಂದು ಹನಿ ನೀರು ಬಿಡಿ. 5 ಸೆಕೆಂಡಿನೊಳಗೆ ಇಂಗಿದರೆ ತೊಂದರೆಯಿಲ್ಲ. 60 ಸೆಕೆಂಡು ದಾಟಿಯೂ ಹನಿ ಮುತ್ತಿನಂತೆ ಕೂತಿದ್ದರೆ ಆ ಜಾಗ ನೀರನ್ನು ಬಲವಾಗಿ ತಳ್ಳುತ್ತಿದೆ ಎಂದರ್ಥ. ಮೇಲ್ಮೈ ಒಂದನ್ನೇ ನೋಡಿ ಎದ್ದುಬಿಡಬೇಡಿ, ಹೆಚ್ಚಿನವರು ಎಡವುವುದು ಅಲ್ಲೇ. 1, 2, 3 ಸೆಂ.ಮೀ. ಕೆರೆಯುತ್ತ ಪ್ರತಿಸಲ ಹೊಸ ಹನಿ ಬಿಡಿ. ಬೂದಿಯ ಬಣ್ಣವನ್ನೂ ಗಮನಿಸಿ. ಕರಿ ಬೂದಿ, ಅರೆಸುಟ್ಟ ಕಡ್ಡಿ ಇದ್ದಲ್ಲಿ ಬೇರು-ಬೀಜ ಬದುಕಿರುವ ಸಂಭವ ಹೆಚ್ಚು. ಬಿಳಿ ಬೂದಿ, ಕೆಂಪಗಾದ ಮಣ್ಣು ಕಂಡರೆ ಅದು ದಿಮ್ಮಿ ಗಂಟೆಗಟ್ಟಲೆ ಕೆಂಡವಾಗಿ ಕೂತಿದ್ದ ಜಾಗ.

ಇಷ್ಟು ಒತ್ತಿ ಹೇಳಲು ಕಾರಣ ಇದೆ. ಕ್ಯಾಲಿಫೋರ್ನಿಯಾದ ಮಾಂಟೆಸಿಟೋ ಮೇಲಿನ ಬೆಟ್ಟ 2017ರ ಡಿಸೆಂಬರಿನಲ್ಲಿ ಸುಟ್ಟಿತು. 2018ರ ಜನವರಿ 9ರ ನಸುಕಿನಲ್ಲಿ 5 ನಿಮಿಷಕ್ಕೆ 13 ಮಿ.ಮೀ. ದಾಟಿದ ಮಳೆ ಬಿದ್ದು, ಬಂಡೆ-ಕೆಸರು ಒಟ್ಟಾಗಿ ಇಳಿದು 23 ಜನ ಹೋದರು. ದಿನವಿಡೀ ಎಷ್ಟು ಮಳೆ ಬಂತು ಎನ್ನುವುದಕ್ಕಿಂತ ಆ ಐದು-ಹತ್ತು ನಿಮಿಷ ಎಷ್ಟು ಜೋರಾಗಿ ಸುರಿಯಿತು ಎನ್ನುವುದೇ ಮುಖ್ಯ. ಹಳ್ಳದ ದಡದ ಮನೆಯವರಿಗೆ ಈಗಲೇ ಹೇಳಿಡಿ.

ಒಣಹುಲ್ಲಿದೆಯಲ್ಲ, ನಿಮ್ಮ ದೊಡ್ಡ ಬಲ ಅದೇ. ಚದರ ಮೀಟರಿಗೆ ಸುಮಾರು 200 ಗ್ರಾಂ, ಅಂದರೆ ಹೆಕ್ಟೇರಿಗೆ 2 ಟನ್. ನೆಲದ ಶೇ 60–70ರಷ್ಟು ಮುಚ್ಚಬೇಕು, ನಡುನಡುವೆ ಮಣ್ಣು ಕಾಣುತ್ತಿರಬೇಕು. ದಪ್ಪ ಹಾಸಿದರೆ ಮೊಳಕೆ ಮೇಲೇಳುವುದಿಲ್ಲ. ಇಡೀ ಗುಡ್ಡಕ್ಕೆ ಹಾಸುವುದು ಇಪ್ಪತ್ತು ಜನರಿಂದ ಆಗುವ ಕೆಲಸವಲ್ಲ. ಹನಿ ಇಂಗದ, ಮನೆಗಳ ನೇರ ಮೇಲಿರುವ ಇಳಿಜಾರು ಆರಿಸಿಕೊಳ್ಳಿ. ಗಾಳಿ ಹೊಡೆಯುವ ದಿಬ್ಬದಲ್ಲಿ ಹುಲ್ಲು ನಿಲ್ಲುವುದಿಲ್ಲ, ಅಲ್ಲಿಗೆ ಮರದ ಚಕ್ಕೆ ಹಾಕಿ. ಕಳೆಬೀಜ ತುಂಬಿದ ಹುಲ್ಲು ಮಾತ್ರ ಬೇಡವೇ ಬೇಡ.

ಗುಡ್ಡದಂಚು:
ಸುಟ್ಟ ದಿಮ್ಮಿಗಳನ್ನು ಇಳಿಜಾರಿಗೆ ಅಡ್ಡ ಮಲಗಿಸಬಹುದಾ? ಮತ್ತೆ, ಬೀಜವನ್ನು ಹುಲ್ಲಿನಡಿ ಹಾಕಿದರೆ?

ಮಣ್ಣುಹುಳು:
ಮಲಗಿಸಬಹುದು, ಆದರೆ ಮಟ್ಟ ತಪ್ಪಬಾರದು. ಒಂದು ತುದಿ ತಗ್ಗಿದರೂ ನೀರೆಲ್ಲ ಅಲ್ಲಿಗೇ ಓಡಿ ಹೊಸ ಕೊರಕಲು ಕೊರೆಯುತ್ತದೆ, ದಿಮ್ಮಿ ಇಡದಿದ್ದರೇ ಚೆನ್ನಾಗಿತ್ತು ಅನ್ನಿಸುತ್ತದೆ. ನೀರು ತುಂಬಿದ ಪಾರದರ್ಶಕ ಪೈಪಿನಿಂದ ಎರಡೂ ತುದಿಯ ಮಟ್ಟ ನೋಡಿ, ಸಣ್ಣ ಚಡಿ ತೋಡಿ ಕೂರಿಸಿ, ಮೇಲ್ಬದಿಯ ಸಂದಿಗೆ ಮಣ್ಣು ಗಿಡಿದು ತುಳಿಯಿರಿ. ಸಾಲುಗಳನ್ನು ಇಟ್ಟಿಗೆ ಕಟ್ಟಿದಂತೆ ಬಿಟ್ಟುಬಿಟ್ಟು ಜೋಡಿಸಿ. ಜಡಿಮಳೆಗೆ ಇವು ಹೆಚ್ಚು ತಡೆಯುವುದಿಲ್ಲ. ಹಿಂದೆ ಮಣ್ಣು ತುಂಬಿತೆಂದರೆ ಕೆಲಸ ಮುಗಿದ ಹಾಗೆ.

ಬೀಜದ ಮಾತು ಮತ್ತೆ ಯಾಕೆ? ಮೊದಲ ಮಳೆಯ ಹೊತ್ತಿಗೆ ಅದು ಬೇರೂರಿರುವುದೇ ಇಲ್ಲ. ಹೊರಗಿನ ಹುಲ್ಲಾದರೆ ನೆಲದಲ್ಲಿ ಉಳಿದ ಸ್ಥಳೀಯ ಬೀಜವನ್ನು ಹತ್ತಿಕ್ಕಿ, ಮುಂದಿನ ಬೇಸಿಗೆಗೆ ಒಣಗಿ ಉರುವಲಾಗುತ್ತದೆ. ಹೊಗೆಯಲ್ಲಿರುವ ಕ್ಯಾರಿಕಿನ್ ಎಂಬ ರಾಸಾಯನಿಕವೇ ಎಷ್ಟೋ ಬೀಜಗಳನ್ನು ಎಬ್ಬಿಸುತ್ತದೆ. ಒಂದು ಮಳೆಗಾಲ ಕಾಯಿರಿ.

ಗೂಬೆಕಣ್ಣು:
ಮರಗಳ ಬಗ್ಗೆ ಒಂದು ಮಾತು. ಕರ್ರಗಾದದ್ದೆಲ್ಲ ಸತ್ತಿಲ್ಲ. ಬುಡದ ನಾಲ್ಕೂ ಬದಿಯಲ್ಲಿ ಚಾಕುವಿನಿಂದ ಉಗುರಗಲ ತೊಗಟೆ ಎತ್ತಿ ನೋಡಿ. ಒಳಪದರ ಬಿಳಿಯಾಗಿ ತೇವವಾಗಿದ್ದರೆ ಜೀವ ಇದೆ, ಕಂದಾಗಿ ಒಣಗಿದ್ದರೆ ಆ ಬದಿ ಹೋಗಿದೆ. ದಾರಿ, ಮನೆಗಳ ಮೇಲೆ ಬೀಳುವಂಥವನ್ನು ಮಾತ್ರ ಕಡಿಯಿರಿ. ಸತ್ತು ನಿಂತ ಮರಕ್ಕೆ ಕೊರೆಹುಳು, ಹುಳುವಿಗೆ ಮರಕುಟಿಗ, ಅದು ಬಿಟ್ಟ ಪೊಟರೆಗೆ ಗೂಬೆ ಬರುತ್ತವೆ. ದಿಮ್ಮಿ ಎಳೆದಾಡಿದರೆ ಬರಿನೆಲ ಇನ್ನಷ್ಟು ಕೆದಕುತ್ತದೆ.

ಬೆಂಕಿಯಿಂದ ಪಾರಾದ ಸಣ್ಣ ಪ್ರಾಣಿಗಳಿಗೆ ಆಮೇಲಿನ ವಾರಗಳೇ ಗಂಡಾಂತರ. ಅಡಗಲು ಪೊದೆ ಇಲ್ಲ. ಉತ್ತರ ಆಸ್ಟ್ರೇಲಿಯಾದಲ್ಲಿ ಕಾಡುಬಿದ್ದ ಬೆಕ್ಕುಗಳು ಹೊಸದಾಗಿ ಸುಟ್ಟ ಜಾಗ ಹುಡುಕಿ ಕೆಲವೊಮ್ಮೆ ಹತ್ತು ಕಿಲೋಮೀಟರಿಗೂ ಹೆಚ್ಚು ದೂರ ನಡೆದು ಬಂದು ಬೇಟೆಯಾಡುತ್ತವೆ. ಹಾಗಾಗಿ ಬಯಲಲ್ಲಿ ಒಂದು ದೊಡ್ಡ ತೊಟ್ಟಿ ಇಟ್ಟರೆ ಅದು ಬೇಟೆಗಾರರಿಗೆ ಹಾಸಿದ ಎಲೆ. ಅಗಲ ಬಾಯಿಯ ಆಳವಿಲ್ಲದ ಪಾತ್ರೆಗಳನ್ನು ಸುಡದೆ ಉಳಿದ ತುಣುಕು ಕಾಡಿನ ಅಂಚಿಗೆ ಇಡಿ. ಒಳಗೆ ಓರೆಯಾಗಿ ಕಡ್ಡಿ, ಕಲ್ಲು ಇರಲಿ, ಇಲ್ಲದಿದ್ದರೆ ಹಲ್ಲಿ-ಇಲಿ ಮುಳುಗಿ ಸಾಯುತ್ತವೆ. ಗಾಯಗೊಂಡ ಪ್ರಾಣಿಯ ತಲೆ ಮೇಲೆತ್ತಿ ಬಾಟಲಿಯಿಂದ ನೀರು ಸುರಿಯಬೇಡಿ. ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ.

ನಲ್ಲಿನೀರು:
ಮೇಲಿನವರು ಬಿಟ್ಟದ್ದು ಕುಡಿಯುವ ನೀರು. ಆ ಹಳ್ಳದಿಂದಲೇ ನೀರೆತ್ತುವುದಾದರೆ ಮೊದಲ ಮಳೆಗಳ ಹೊತ್ತಿಗೆ ಪಂಪ್ ನಿಲ್ಲಿಸಿ, ಬೂದಿ ಕೆಸರು ಇಳಿದು ಮೀನೂ ಉಸಿರುಗಟ್ಟುವ ನೀರು ಅದು. ಟ್ಯಾಂಕನ್ನು ಈಗಲೇ ತುಂಬಿಸಿಕೊಳ್ಳಿ.

ಮನೆಗಳೂ ಸುಟ್ಟಿದ್ದರೆ ಪೈಪುಗಳನ್ನು ನಂಬಬೇಡಿ. 2018ರಲ್ಲಿ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಪಟ್ಟಣ ಸುಟ್ಟ ಮೇಲೆ ಕೊಳವೆಗಳಲ್ಲಿ ಕ್ಯಾನ್ಸರ್ ತರುವ ರಾಸಾಯನಿಕ ಬೆಂಜೀನ್ ಸಿಕ್ಕಿತು. ಒತ್ತಡ ಬಿದ್ದ ಪೈಪು ಹೊಗೆಯನ್ನು ಒಳಗೆಳೆದುಕೊಳ್ಳುತ್ತದೆ, ಬಿಸಿಗೆ ಕರಗಿದ ಪ್ಲಾಸ್ಟಿಕ್ಕೂ ಬೆಂಜೀನ್ ಬಿಡುತ್ತದೆ. ಆಮೇಲೆ ಪೈಪಿನ ಗೋಡೆಯೇ ಅದನ್ನು ಹೀರಿಟ್ಟುಕೊಂಡು ತಿಂಗಳುಗಟ್ಟಲೆ ನೀರಿಗೆ ಬಿಡುತ್ತಿರುತ್ತದೆ. ಕುದಿಸುವುದು ಇದಕ್ಕೆ ಮದ್ದಲ್ಲ, ಬೆಂಜೀನ್ ಆವಿಯಾಗಿ ಅಡುಗೆಮನೆಯ ಗಾಳಿಗೆ ಸೇರುತ್ತದೆ. ಮಾದರಿ ತೆಗೆಯುವಾಗ ಮೊದಲು ನೀರು ಹರಿಸಿ, ನಲ್ಲಿಯನ್ನು ಕಡೇಪಕ್ಷ ಮೂರು ದಿನ ಮುಚ್ಚಿಟ್ಟು, ಆಮೇಲೆ ಬರುವ ಮೊದಲ ನೀರನ್ನೇ ಹಿಡಿಯಬೇಕು. ಹರಿಸಿದ ಕೂಡಲೇ ಹಿಡಿದ ನೀರು ಶುದ್ಧವಾಗಿಯೇ ಕಾಣಬಹುದು.