ಮರು: ಡಯಾಗ್ನೋಸಿಸ್‌ಗೆ ಕನ್ನಡದಲ್ಲಿ ಏನು? ಇವತ್ತೇ ಬೇಕು

> ವರ್ಕ್‌ಶಾಪಿನ ಗೋಡೆಗೆ ಹಾಕುವ ಫಲಕವನ್ನು ಕನ್ನಡಕ್ಕೆ ತರುತ್ತಿದ್ದೇನೆ. "ಇಂಜಿನ್ ಕಂಪ್ಯೂಟರ್ ಬದಲಿಸುವ ಮೊದಲು ಡಯಾಗ್ನೋಸಿಸ್ ಮಾಡಿ" ಅನ್ನುವುದು ಮುಖ್ಯ ಸಾಲು. ಸ್ಕ್ಯಾನರ್ ತೋರಿಸುವ ಪಿ0335 ದೋಷ ಕೋಡನ್ನು "ಕ್ರ್ಯಾಂಕ್ ಸೆನ್ಸರ್ ಕೆಟ್ಟಿದೆ" ಎಂದು ಉದಾಹರಣೆಗೆ ಹಾಕಿದ್ದೇನೆ. ಸಂಜೆ ಪ್ರಿಂಟಿಗೆ ಹೋಗಬೇಕು.

ದೋಷ ಪತ್ತೆ. ಇದನ್ನೇ ಹಾಕಿ.

"ನಿದಾನ" ಬೇಡ. ಆಯುರ್ವೇದದಲ್ಲಿ ಅದಕ್ಕೆ ಜಾಗ ಇದೆ, ರೋಗದ ಮೂಲ ಅಂತಲೇ ಅದರ ಅರ್ಥ. ಆದರೆ ಗೋಡೆಯ ಮೇಲೆ "ಮೊದಲು ನಿದಾನ ಮಾಡಿ" ಎಂದು ಕಂಡರೆ, ದ ಅಕ್ಷರದ ಹೊಟ್ಟೆ ಸೀಳುವುದು ಮರೆತಿದ್ದಾರೆ ಅಂದುಕೊಂಡು ಎಲ್ಲರೂ "ನಿಧಾನ ಮಾಡಿ" ಅಂತಲೇ ಓದುತ್ತಾರೆ. ಕೆಲಸಕ್ಕೆ ಬಾರದ ಪದ.

"ತಪಾಸಣೆ" ಸೂಚಿಸಿದವರು ಎರಡು ಕೆಲಸಗಳನ್ನು ಒಂದು ಮಾಡಿದ್ದಾರೆ. ಏನೂ ಸಿಗದಿದ್ದರೂ ತಪಾಸಣೆ ಮುಗಿಯುತ್ತದೆ. ಕೆಟ್ಟಿರುವುದು ಕೈಗೆ ಸಿಕ್ಕುವವರೆಗೆ ಪತ್ತೆ ಆಗುವುದಿಲ್ಲ. ಸ್ಕ್ಯಾನರ್ ಚುಚ್ಚಿ, ಕೋಡ್ ಓದಿ, "ತಪಾಸಣೆ ಆಯ್ತು, ಇಸಿಯು (ಇಂಜಿನ್ ಕಂಪ್ಯೂಟರ್) ಹೋಗಿದೆ" ಅನ್ನುವವರನ್ನು ತಡೆಯೋಕೇ ಈ ಫಲಕ ಅಲ್ವಾ? ಅಂಥವರಿಗೆ "ತಪಾಸಣೆ ಮಾಡಿ" ಅಂದರೆ, ಮಾಡಿದೆವಲ್ಲ ಅನ್ನುತ್ತಾರೆ.

ಆದರೆ ಯಾರೂ ಮಾತಾಡದ ತಪ್ಪು ನಿಮ್ಮ ಉದಾಹರಣೆಯಲ್ಲಿದೆ. ಪಿ0335ರ ಇಂಗ್ಲಿಷ್ ಮೂಲದಲ್ಲಿ ಇರುವುದು ಕ್ರ್ಯಾಂಕ್‌ಶಾಫ್ಟ್ ಪೊಸಿಶನ್ ಸೆನ್ಸರ್ "ಸರ್ಕ್ಯೂಟ್". ನೀವು ಸರ್ಕ್ಯೂಟನ್ನು ಬಿಟ್ಟಿದ್ದೀರಿ. ಅದನ್ನು ಬಿಟ್ಟರೆ ಅರ್ಥವೇ ಕೆಡುತ್ತದೆ. ಸರ್ಕ್ಯೂಟ್ ಅಂದರೆ ಸೆನ್ಸರ್, ಅದರ ವೈರು, ಕನೆಕ್ಟರ್, ಕಂಪ್ಯೂಟರಿನ ಒಳಗಿನ ಭಾಗ, ಎಲ್ಲ ಸೇರಿ. ಸಿಗ್ನಲ್ ಸರಿಯಾಗಿ ಬರುತ್ತಿಲ್ಲ ಅಂತ ಮಾತ್ರ ಕೋಡ್ ಹೇಳುತ್ತದೆ. ಯಾವ ಭಾಗ ಕೆಟ್ಟಿದೆ ಅನ್ನುವುದನ್ನು ಮನುಷ್ಯ ಹುಡುಕಬೇಕು. ಪಿ0171 ಕೂಡ ಹಾಗೇ. ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಜಾಸ್ತಿ ಇದೆ ಅಂತ ಅಷ್ಟೇ ಅದರ ಮಾತು. ಕಾರಣ ಬಿರುಕು ಬಿಟ್ಟ ವ್ಯಾಕ್ಯೂಮ್ ಪೈಪ್ ಇರಬಹುದು, ಸೋತ ಫ್ಯುಯೆಲ್ ಪಂಪ್ ಇರಬಹುದು. ದಯವಿಟ್ಟು "ಕೆಟ್ಟಿದೆ" ತೆಗೆದು "ಸೆನ್ಸರ್ ಸರ್ಕ್ಯೂಟಿನಲ್ಲಿ ದೋಷ" ಎಂದು ಹಾಕಿ.

ಕಂಪ್ಯೂಟರಿನ ವಿಷಯದಲ್ಲಂತೂ ಇದು ಇನ್ನೂ ಮುಖ್ಯ. ಎಷ್ಟೋ ಸೆನ್ಸರ್‌ಗಳಿಗೆ ಕಂಪ್ಯೂಟರೇ 5 ವೋಲ್ಟ್ ಕೊಡುತ್ತದೆ. ಅವುಗಳಲ್ಲಿ ಒಂದು ಶಾರ್ಟ್ ಆದರೆ ಆ 5 ವೋಲ್ಟ್ ಪೂರ್ತಿ ಬಿದ್ದುಹೋಗುತ್ತದೆ. ಕೆಲವು ಕಾರುಗಳಲ್ಲಿ ಸ್ಕ್ಯಾನರಿಗೂ ಉತ್ತರ ಬರುವುದಿಲ್ಲ. ನೋಡಿದವರಿಗೆ ಕಂಪ್ಯೂಟರ್ ಸತ್ತಂತೆಯೇ ಕಾಣುತ್ತದೆ. ಒಂದೊಂದೇ ಸೆನ್ಸರಿನ ಕನೆಕ್ಟರ್ ಬಿಚ್ಚುತ್ತಾ ಹೋಗಿ. ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ವಾಪಸ್ ಬಂತೋ, ಅಲ್ಲಿದೆ ದೋಷ. ಅರ್ಥಿಂಗ್ ಸಡಿಲವಾದರೂ ಹೀಗೇ ದಾರಿ ತಪ್ಪಿಸುತ್ತದೆ. ಬ್ಯಾಟರಿ ಸೋತರೂ ಅಷ್ಟೆ: ನಿಂತ ಕಾರಿನಲ್ಲಿ ಸುಮಾರು 12.6 ವೋಲ್ಟ್, ಇಂಜಿನ್ ಓಡುವಾಗ ಹೆಚ್ಚಿನ ಕಾರುಗಳಲ್ಲಿ 13.5ರಿಂದ 14.5 ಇರಬೇಕು. ಕಂಪ್ಯೂಟರ್ ನಿಜಕ್ಕೂ ಸುಟ್ಟಿದ್ದರೂ ಸುಟ್ಟಿದ್ದು ಯಾಕೆ ಅಂತ ಕೇಳಬೇಕು. ಶಾರ್ಟ್ ಆದ ಇಗ್ನಿಶನ್ ಕಾಯಿಲ್ ಹಾಗೇ ಉಳಿದರೆ ಹೊಸದನ್ನೂ ಸುಡಬಹುದು. ಜೊತೆಗೆ ಹೊಸದಕ್ಕೆ ಸಾಮಾನ್ಯವಾಗಿ ಪ್ರೋಗ್ರಾಮಿಂಗ್ ಆಗಬೇಕು, ಕಳ್ಳತನ ತಡೆಯುವ ಇಮ್ಮೊಬಿಲೈಸರ್ ಇದ್ದರೆ ಕೀ ಜೊತೆ ಹೊಂದಿಸಬೇಕು. ಸುಮ್ನೆ ಹಾಕಿ ನೋಡುವ ಸಾಮಾನಲ್ಲ ಅದು.

ಇನ್ನು ಇಂಜಿನ್ ಕಂಪ್ಯೂಟರಿಗೆ "ಬಿಣಿಗೆಯ ಎಣ್ಣುಕ" ಎಂದು ಬರೆಯಲೇಬೇಕೆಂದು ಹಟ ಹಿಡಿದವರಿಗೆ: ಫಲಕ ಓದುವವರು ಇಸಿಯು ಅನ್ನುತ್ತಾರೆ, ಇಸಿಎಂ ಅನ್ನುತ್ತಾರೆ. ನಿಮ್ಮ ಪದವನ್ನು ವಿವರಿಸಲು ಪಕ್ಕದಲ್ಲಿ ಇನ್ನೊಂದು ಫಲಕ ತೂಗುಹಾಕಬೇಕಾಗುತ್ತದೆ. "ಪತ್ತೆ ಹಿಂದಿಯಿಂದ ಬಂದದ್ದು, ಬೇಡ" ಎಂದವರೇ ಅದೇ ಪತ್ರದಲ್ಲಿ "ದುರಸ್ತಿ" ಬರೆದಿದ್ದಾರೆ. ಅದು ಪಾರಸಿ. "ಬದಲಿ" ಅರಬ್ಬಿಯಿಂದ ಬಂತು, "ತಪಾಸಣೆ" ಮರಾಠಿಯಿಂದ. ಹಳೆಯ ಎರವಲು ಕನ್ನಡ, ಹೊಸದು ಮೈಲಿಗೆ ಅನ್ನುವುದು ವ್ಯಾಕರಣವೂ ಅಲ್ಲ, ನ್ಯಾಯವೂ ಅಲ್ಲ. ನಾಲಿಗೆಗೆ ಹತ್ತಿದ ಪದಕ್ಕೆ ಕನ್ನಡದ ವಿಭಕ್ತಿ ಹತ್ತುತ್ತದೆ. ಸೆನ್ಸರಿಗೆ, ಕನೆಕ್ಟರಿನಲ್ಲಿ, ಫ್ಯೂಸನ್ನು. ನನಗೆ ಅಷ್ಟು ಸಾಕು.

ಫಲಕಕ್ಕೆ ಹೀಗೆ ಹಾಕಿ:

ಇಸಿಯು ಬದಲಿಸುವ ಮೊದಲು ದೋಷ ಪತ್ತೆ ಮಾಡಿ.
ಕೋಡ್ ಬಂದ ಮಾತ್ರಕ್ಕೆ ಆ ಭಾಗ ಕೆಟ್ಟಿದೆ ಎಂದಲ್ಲ.
ಬ್ಯಾಟರಿ, ಫ್ಯೂಸ್, ಅರ್ಥಿಂಗ್, ವೈರಿಂಗ್ ಮೊದಲು ನೋಡಿ.

"ಅರ್ಥ್" ಎಂದು ಚಿಕ್ಕದು ಮಾಡಬೇಡಿ. ಪ್ರಿಂಟಿನವರು ಅದನ್ನು "ಅರ್ಥ" ಎಂದು ತಿದ್ದಿಬಿಡುತ್ತಾರೆ.