2^67 − 1: ಶೇಷ 0 ಬರಬೇಕು, 1 ಬರ್ತಿದೆ

ಬೆಸಸಂಖ್ಯೆ:
ಜಾವಾಸ್ಕ್ರಿಪ್ಟ್‌ನಲ್ಲಿ 2^67 − 1, ಅಂದರೆ 147573952589676412927 ಅನ್ನು 193707721ರಿಂದ ಭಾಗಿಸಿದರೆ ಶೇಷ 1 ಅಂತಿದೆ. ನಿಶ್ಶೇಷವಾಗಿ ಭಾಗ ಹೋಗಬೇಕಲ್ವಾ? ಸಂಖ್ಯೆಯನ್ನೇ ಪ್ರಿಂಟ್ ಮಾಡಿದರೆ 147573952589676410000 ಬರುತ್ತೆ. ಪೈಥಾನ್‌ನಲ್ಲಿ ಆಧಾರ 2 ಇಟ್ಟು ಮಿಲ್ಲರ್–ರಾಬಿನ್ (ಸಂಖ್ಯೆ ಅವಿಭಾಜ್ಯವೇ ಅಂತ ನೋಡೋ ಪರೀಕ್ಷೆ; ಆಧಾರ ಅಂದರೆ ಅದರಲ್ಲಿ ಘಾತಕ್ಕೇರಿಸೋ ಸಂಖ್ಯೆ) ಓಡಿಸಿದರೆ 'ಬಹುಶಃ ಅವಿಭಾಜ್ಯ' ಅನ್ನುತ್ತೆ. ಎಲ್ಲಿ ಎಡವಿದ್ದೀನಿ?

ಶೇಷಗಣಿತ:
ಭಾಗಾಕಾರ ಸರಿಯಾಗೇ ಇದೆ, ಭಾಜ್ಯ ಬದಲಾಗಿದೆ. ಜಾವಾಸ್ಕ್ರಿಪ್ಟ್‌ನ ಮಾಮೂಲಿ ನಂಬರ್‌ಗೆ 53 ಬಿಟ್ ನಿಖರತೆ ಮಾತ್ರ. ನಿಮ್ಮದು 67 ಬಿಟ್, ಎಲ್ಲವೂ 1. ಹತ್ತಿರ ಸಿಗೋದು 2^67, ಅಂದರೆ ಕೊನೆಗೆ 927 ಹೋಗಿ 928 ಕೂತಿದೆ. ಒಂದು ಹೆಚ್ಚಾಯ್ತು, ಶೇಷವೂ ಒಂದು. ಆ 1 ನೋಡಿದರೇ ರೋಗ ಗೊತ್ತಾಗುತ್ತೆ.

ಸಂಖ್ಯೆಯ ಕೊನೆಗೆ ಇಂಗ್ಲಿಷಿನ ಸಣ್ಣ 'ಎನ್' ಅಕ್ಷರ ಅಂಟಿಸಿ, ದೊಡ್ಡ ಪೂರ್ಣಾಂಕಗಳನ್ನೂ ನಿಖರವಾಗಿ ಇಡೋ ಬಿಗ್‌ಇಂಟ್ ಆಗುತ್ತೆ. ಬಿಗ್‌ಇಂಟ್ ಫಂಕ್ಷನ್‌ಗೆ ಕೊಡೋದಾದರೆ ಕೋಟ್ಸ್ ಒಳಗೆ ಸ್ಟ್ರಿಂಗ್ ಆಗಿ ಕೊಡಿ. ಕೋಟ್ಸ್ ಇಲ್ಲದಿದ್ದರೆ ಫಂಕ್ಷನ್ ಕೈಗೆ ಸಿಗೋ ಹೊತ್ತಿಗೇ 928 ಆಗಿರುತ್ತೆ. ಭಾಜಕಕ್ಕೂ 'ಎನ್' ಬೇಕು, ಎರಡು ಜಾತಿ ಬೆರೆಸಿದರೆ ಟೈಪ್ ಎರರ್.

ಬೆಸಸಂಖ್ಯೆ:
0 ಬಂತು ಸರ್! ಭಾಗಲಬ್ಧ 761838257287. ಆದರೆ ಪೈಥಾನ್‌ನಲ್ಲಿ ಬಿಟ್ ಮಿತಿ ಇಲ್ಲವಲ್ಲ, ಅಲ್ಲಿ ಯಾಕೆ ಪಾಸ್ ಆಯ್ತು?

ಘಾತಾಂಕ:
ಅದು ಕೋಡಿನ ತಪ್ಪಲ್ಲ, ಆಧಾರದ ಆಯ್ಕೆ ತಪ್ಪು. ಈ ಸಂಖ್ಯೆಯಿಂದ ಭಾಗಿಸಿದಾಗ 2^67ರ ಶೇಷ 1. ಸಂಖ್ಯೆಯಲ್ಲಿ ಒಂದು ಕಳೆದರೆ 2 × (2^66 − 1). 67 ಅವಿಭಾಜ್ಯ, ಹಾಗಾಗಿ ಫರ್ಮಾನ ಕಿರು ಪ್ರಮೇಯದಂತೆ 2^66 − 1 ಅನ್ನು 67 ಭಾಗಿಸುತ್ತೆ. ಮಿಲ್ಲರ್–ರಾಬಿನ್ ಶುರುವಾಗೋದೇ 2ಕ್ಕೆ ಆ ಬೆಸ ಘಾತ (2^66 − 1) ಕೊಟ್ಟು; ಘಾತ 67ರ ಗುಣಕವಾದ್ದರಿಂದ ಮೊದಲ ಹೆಜ್ಜೆಗೇ ಶೇಷ 1 ಸಿಕ್ಕಿ ಪಾಸ್. ಘಾತ ಬೆಸ ಅವಿಭಾಜ್ಯವಾಗಿರೋ ಮರ್ಸೆನ್ ಸಂಖ್ಯೆಗಳೆಲ್ಲಾ (2ರ ಘಾತದಲ್ಲಿ ಒಂದು ಕಳೆದವು) ಆಧಾರ 2ಕ್ಕೆ ಹೀಗೇ ಪಾಸ್ ಆಗ್ತವೆ, ಅವಿಭಾಜ್ಯವಲ್ಲದವು ಟೋಪಿ ಹಾಕ್ತವೆ.

ಆಧಾರ 3 ಇಡಿ, ಸಿಕ್ಕಿಬೀಳುತ್ತೆ. 21 ಅಂಕಿಯ ಈ ಸಂಖ್ಯೆಗೆ ಇನ್ನೂ ಸಡಿಲವಾದ ಫರ್ಮಾ ಪರೀಕ್ಷೆಯಲ್ಲೂ ಮೋಸಹೋಗೋ ಆಧಾರಗಳು 1206 × 1206, ಅಂದರೆ 14,54,436 ಮಾತ್ರ. ಖಚಿತ ಉತ್ತರ ಬೇಕಿದ್ದರೆ ಲ್ಯೂಕಾಸ್–ಲೆಹ್ಮರ್ ಪರೀಕ್ಷೆ: 4ರಿಂದ ಶುರು, ವರ್ಗ ಮಾಡಿ 2 ಕಳೆದು ಈ ಸಂಖ್ಯೆಯಿಂದ ಭಾಗಿಸಿ ಶೇಷ ತಗೊಳ್ಳಿ, 65 ಸಲ. ಕೊನೆಗೆ 0 ಬಂದರೆ ಮಾತ್ರ ಅವಿಭಾಜ್ಯ. ಇಲ್ಲಿ ಬರಲ್ಲ. 1876ರಲ್ಲಿ ಗಣಿತಜ್ಞ ಲ್ಯೂಕಾಸ್ ಇದು ಅವಿಭಾಜ್ಯವಲ್ಲ ಅಂತ ತೋರಿಸಿದಾಗ ಒಂದು ಅಪವರ್ತನವೂ ಗೊತ್ತಿರಲಿಲ್ಲ. ಅದನ್ನು ಗಣಿತಜ್ಞ ಕೋಲ್ ಕೊಟ್ಟಿದ್ದು 1903ರಲ್ಲಿ, ಕೈಲೆಕ್ಕದಲ್ಲಿ!

ಬೆಸಸಂಖ್ಯೆ:
193707721 ಗೊತ್ತಿಲ್ಲದೆ ಹುಡುಕೋದಾದರೆ?

ಶೇಷಗಣಿತ:
ಬೆಸ ಸಂಖ್ಯೆಗಳನ್ನೆಲ್ಲಾ ಜಾಲಾಡಬೇಡಿ. ಅವಿಭಾಜ್ಯ ಭಾಜಕ ಇದ್ದರೆ ಅದು 134ರ ಗುಣಕಕ್ಕಿಂತ ಒಂದು ಹೆಚ್ಚಿರಲೇಬೇಕು, 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಇರಬೇಕು. ಈ ಎರಡು ಜರಡಿ ಹಿಡಿದರೆ ನೋಡಬೇಕಾದ್ದು 7,22,790 ಸಂಖ್ಯೆಗಳಷ್ಟೇ. 134 × 1445580 + 1ಕ್ಕೆ ಬಂದಾಗ ಲೂಪ್ ನಿಲ್ಲುತ್ತೆ. ನಿಲ್ಲದೆ ಮುಂದಕ್ಕೆ ಓಡಿದರೆ ಎಲ್ಲೋ 'ಎನ್' ಬಿಟ್ಟಿದ್ದೀರಿ.